ಒಬ್ಬರಿಗಾಗಿಯೂ ಒಲೆ ಹೊತ್ತಲಿ

ರೋಗಿಯ ನಾಡಿ ನೋಡುವಾಗ ನಾವು ತಪ್ಪದೇ ಕೇಳುವ ಪ್ರಶ್ನೆಯೊಂದಿದೆ: “ನಿನ್ನೆ ರಾತ್ರಿ ಏನು ಉಂಡಿರಿ?” ಕೆಲವು ವರ್ಷಗಳಿಂದ ಈ ಪ್ರಶ್ನೆಗೆ ಬರುತ್ತಿರುವ ಉತ್ತರ ನಮ್ಮನ್ನು ಚಿಂತೆಗೀಡುಮಾಡಿದೆ. ಕಳೆದ ಚಳಿಗಾಲದಲ್ಲಿ ಬಂದ ಎಪ್ಪತ್ತರ ತಾಯಿಯೊಬ್ಬರು ಹೇಳಿದ್ದು ಹೀಗೆ: “ಒಬ್ಬಾಕಿಗೆ ಏನ್ ಮಾಡ್ಕೊಳ್ಳೋದ್ರಿ ಡಾಕ್ಟರ್ರ? ಚಾ ಕುಡದು ಮಕ್ಕೊಂಡೆರಿ.”

ಆ ತಾಯಿ ಹನ್ನೆರಡು ಜನರ ಮನೆಗೆ ನಲವತ್ತು ವರ್ಷ ರೊಟ್ಟಿ ತಟ್ಟಿದವರು. ಯಜಮಾನರು ತೀರಿಕೊಂಡಿದ್ದಾರೆ, ಮಕ್ಕಳು ಬೆಂಗಳೂರು, ಪುಣೆಗಳಲ್ಲಿದ್ದಾರೆ. ಹಸಿವಿಲ್ಲ, ಮಲಬದ್ಧತೆ, ಕೈಕಾಲುಗಳಲ್ಲಿ ಶಕ್ತಿಯಿಲ್ಲ, ನಸುಕಿನಲ್ಲಿ ಏಳುವಾಗ ಕಣ್ಣಿಗೆ ಕತ್ತಲೆ ಬರುತ್ತದೆ ಎಂಬುದು ಅವರ ದೂರು. ವಿಚಾರಿಸಿದಾಗ ತಿಳಿದದ್ದು, ಮಧುಮೇಹದ ಮಾತ್ರೆಯನ್ನು ಸಂಜೆ ತಪ್ಪದೇ ನುಂಗುತ್ತಾರೆ, ಊಟವನ್ನು ಮಾತ್ರ ಬಿಡುತ್ತಾರೆ. ಇಂತಹ ಕೆಲವು ಮಾತ್ರೆಗಳನ್ನು ಸೇವಿಸಿ ಉಣ್ಣದೇ ಮಲಗಿದರೆ ರಕ್ತದಲ್ಲಿನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಇದು ಪ್ರಾಣಕ್ಕೇ ಎರವಾದೀತು. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸತಕ್ಕದ್ದಲ್ಲ. ಊಟವನ್ನು ಸರಿಪಡಿಸಿಕೊಂಡು ಕೊಟ್ಟ ವೈದ್ಯರನ್ನೇ ಕಾಣಬೇಕು.

ಇದನ್ನು ಸೋಮಾರಿತನವೆಂದು ನಾವು ಒಪ್ಪುವುದಿಲ್ಲ. ಅವರ ಮನೆಯ ಪಾತ್ರೆಗಳು, ಕೈಯ ಅಳತೆ, ಮನಸ್ಸಿನ ರೂಢಿ ಎಲ್ಲವೂ ತುಂಬಿದ ಮನೆಗೆಂದು ಹೊಂದಿಕೊಂಡಂಥವು. ಐದು ಲೀಟರಿನ ಕುಕ್ಕರಿನಲ್ಲಿ ಒಬ್ಬರ ಅನ್ನ ತಳದಲ್ಲೇ ಉಳಿಯುತ್ತದೆ. ಮೂವರಿಗಾಗುವಷ್ಟು ಮಾಡುತ್ತಾರೆ, ಎರಡು ದಿನ ಅದನ್ನೇ ಉಣ್ಣುತ್ತಾರೆ, ಮೂರನೆಯ ದಿನ ಬೇಸರವಾಗಿ ಬಿಸ್ಕೀಟಿಗೆ ಬರುತ್ತಾರೆ. ಮಕ್ಕಳು ದೊಡ್ಡ ಫ್ರಿಜ್ ತಂದುಕೊಟ್ಟಿದ್ದಾರೆ. ಒಂದೂವರೆ ಲೀಟರಿನ ಪುಟ್ಟ ಕುಕ್ಕರ್ ತರಬೇಕೆಂದು ಯಾರಿಗೂ ಹೊಳೆದಿಲ್ಲ. ನಾವು ಆ ದಿನ ಚೀಟಿಯಲ್ಲಿ ಮೊದಲು ಬರೆದದ್ದು ಅದನ್ನೇ.

ಉಪದೇಶ ಮಾಡುವ ನಾವೂ ಇದರಿಂದ ಹೊರತಲ್ಲ. ನಮ್ಮ ಮನೆಯವರು ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಹೋಗಿದ್ದಾಗ, ಮೊದಲ ಎರಡು ವಾರ ನಾವು ಬ್ರೆಡ್ಡು, ಬಾಳೆಹಣ್ಣುಗಳಲ್ಲೇ ಕಳೆದೆವು. ಅಗ್ನಿಮಾಂದ್ಯಕ್ಕೆ ಇತರರಿಗೆ ಔಷಧ ಕೊಡುವವರ ಹೊಟ್ಟೆಯೇ ಉಬ್ಬರಿಸಿತು! ಅರವತ್ತು ದಾಟಿದ ಮೇಲೆ ಅಕ್ಕಿ ತೊಳೆಯಲು ಕಲಿತ ನಮಗೆ, ಗಂಡುಮಕ್ಕಳಿಗೆ ಅಡುಗೆ ಕಲಿಸದಿರುವುದು ಅವರಿಗೆ ಮಾಡುವ ಅನ್ಯಾಯವೆಂದು ಆಗ ತೋರಿತು.

ನಾವು ಕಲಿತದ್ದು ಇಷ್ಟು. ಹೆಸರುಬೇಳೆ ಒಂದು ಹಿಡಿ, ಅಕ್ಕಿ ಒಂದು ಹಿಡಿ. ಎರಡೂ ಸೇರಿದ ಅಳತೆಯ ನಾಲ್ಕು ಪಾಲು ನೀರು. ಚಿಟಿಕೆ ಅರಿಶಿನ, ಸಣ್ಣ ಚೂರು ಶುಂಠಿ, ಒಂದು ಹಿಡಿ ಮೆಂತ್ಯ ಸೊಪ್ಪು. ನಾಲ್ಕು ಸೀಟಿ ಕೂಗಿಸಿ ಇಳಿಸಿ, ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಇಂಗಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ತೊಳೆಯುವುದರಿಂದ ಉಣ್ಣುವವರೆಗೆ ಅರ್ಧ ಗಂಟೆ ಸಾಕು. ಬೇಳೆಗಳಲ್ಲಿ ಹೆಸರು ಲಘು, ಸುಲಭವಾಗಿ ಜೀರ್ಣವಾಗುವಂಥದು. ನೂರು ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇರುತ್ತದೆ. ವಯಸ್ಸಾದಂತೆ ಸೊರಗುವ ಮಾಂಸಖಂಡಗಳಿಗೆ ಇದು ಬೇಕೇಬೇಕು. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ಬೇಳೆಯ ಪ್ರಮಾಣವನ್ನು ತಮ್ಮ ವೈದ್ಯರಿಂದ ಕೇಳಿ ತಿಳಿಯಬೇಕು. ಜೋಳ ಬಿಡಲಾರದವರಿಗೆ ಮಧ್ಯಾಹ್ನ ಜೋಳದ ನುಚ್ಚು, ತಿಳಿ ಮಜ್ಜಿಗೆ ಒಳ್ಳೆಯದು. ಹಲ್ಲಿಲ್ಲದವರು ಕಡಕ್ ರೊಟ್ಟಿಯನ್ನು ಮುರಿದು ಬಿಸಿ ಬೇಳೆಕಟ್ಟಿನಲ್ಲಿ ನೆನೆಸಿ, ತುಪ್ಪ ಬಿಟ್ಟುಕೊಳ್ಳಬೇಕು. ಒಣಗಿದ ರೊಟ್ಟಿ ರೂಕ್ಷ, ಅದರ ರೂಕ್ಷತೆಯನ್ನು ತುಪ್ಪ ಕಳೆಯುತ್ತದೆ. ರಾತ್ರಿ ಮೊಸರು ಬೇಡ.

ತಂಗಳಿನ ಬಗ್ಗೆ ನಮ್ಮಲ್ಲಿ ವಾದ ಹೂಡುವವರಿದ್ದಾರೆ. ತಂಗಳ ರೊಟ್ಟಿ ಉಂಡು ಹೊಲದಲ್ಲಿ ದಿನವಿಡೀ ದುಡಿಯುವವನ ಜಠರಾಗ್ನಿ ಬೇರೆ, ಕುರ್ಚಿಯಲ್ಲಿ ಕುಳಿತ ಎಪ್ಪತ್ತರ ಜೀವದ ಅಗ್ನಿ ಬೇರೆ. ಅಲ್ಲದೇ ಹೊರಗೇ ಇಟ್ಟ ಅನ್ನದಲ್ಲಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಉಳಿದದ್ದನ್ನು ಇಡಲೇಬೇಕಾದರೆ ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಒಮ್ಮೆ ಚೆನ್ನಾಗಿ ಕುದಿಸಿ ಮುಗಿಸಿಬಿಡಬೇಕು.

ಚರಕ ಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಊಟದ ನಿಯಮಗಳಿವೆ: ಬಿಸಿಯಾದುದನ್ನು, ಸ್ನಿಗ್ಧವಾದುದನ್ನು, ಮಿತವಾಗಿ, ಹಿಂದಿನ ಊಟ ಜೀರ್ಣವಾದ ಮೇಲೆ, ಹರಟದೇ, ನಗದೇ, ಮನಸ್ಸಿಟ್ಟು ಉಣ್ಣಬೇಕು. ಒಂಟಿಯಾಗಿ ಉಣ್ಣುವವರಿಗೆ ಹರಟೆಯಿಲ್ಲ ಎನ್ನಬೇಡಿ, ಟಿ.ವಿ. ಇದೆಯಲ್ಲ. ಕೊನೆಯಲ್ಲಿ ಆಚಾರ್ಯರು ಹೇಳುವ ನಿಯಮವೇ ನಮ್ಮ ವಿಷಯಕ್ಕೆ ಮುಖ್ಯ: ತನಗೆ ಯಾವುದು ಹಿತ, ಯಾವುದು ಅಹಿತವೆಂದು ತನ್ನನ್ನು ತಾನು ಗಮನಿಸಿಕೊಂಡು ಉಣ್ಣಬೇಕು. ಮಕ್ಕಳಿಗೆ, ಅತಿಥಿಗಳಿಗೆ, ಜಂಗಮರಿಗೆ ಉಣಬಡಿಸಿ ಬಾಳು ಸವೆಸಿದ ತಾಯಂದಿರು ಈ ಲೆಕ್ಕದಲ್ಲಿ ತಮ್ಮನ್ನು ಸೇರಿಸಿಕೊಳ್ಳುವುದೇ ಇಲ್ಲ. ಆ ತಾಯಿ ಸ್ನಾನ, ಇಷ್ಟಲಿಂಗ ಪೂಜೆಗಳನ್ನು ಒಂದು ದಿನವೂ ತಪ್ಪಿಸಿದವರಲ್ಲ. ಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸುವವರಿಗೆ “ನನಗೊಬ್ಬಳಿಗೆ” ಎಂಬ ಮಾತು ಹೇಗೆ ಸಲ್ಲುತ್ತದೆ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗು ಸರಿಪಡಿಸಿಕೊಂಡು ಎದ್ದು ಹೋದರು.

ಊರಿನಿಂದ ದೂರವಿರುವ ಮಕ್ಕಳಿಗೂ ಒಂದು ಮಾತು. ಫೋನಿನಲ್ಲಿ “ಊಟ ಆಯಿತೇ?” ಎಂದು ಕೇಳಿದರೆ “ಆಯಿತು” ಎಂದೇ ಹೇಳುತ್ತಾರೆ. ಏನು ಮಾಡಿಕೊಂಡಿರಿ ಎಂದು ಕೇಳಿರಿ.

ತಿಂಗಳ ನಂತರ ಆ ತಾಯಿ ಮತ್ತೆ ಬಂದಿದ್ದರು. ಮಾತ್ರೆ ಕೊಡುವ ವೈದ್ಯರನ್ನೂ ಕಂಡಿದ್ದರು. ನಸುಕಿನ ಕತ್ತಲೆ ಮತ್ತೆ ಬಂದಿರಲಿಲ್ಲ. ಪುಟ್ಟ ಕುಕ್ಕರ್ ಆಟದ ಸಾಮಾನಿನಂತಿದೆಯೆಂದು ನಕ್ಕರು. “ಈಗ ಎರಡೆರಡು ಹಿಡಿ ಹಾಕ್ತೇನ್ರಿ, ಬಾಜೂ ಮನಿ ಅಕ್ಕಾರೂ ಒಬ್ಬರ ಇರ್ತಾರ.” ಮೊಣಕಾಲು ನೋವು ಹಾಗೆಯೇ ಇದೆ, ಅದಕ್ಕೆ ಎಣ್ಣೆ ಕೊಟ್ಟು ಕಳುಹಿಸಿದ್ದೇವೆ.