ವೃದ್ಧರ ಹಲ್ಲು ಅಲಂಕಾರವಲ್ಲ

'ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ' ಎಂಬ ಗಾದೆಯನ್ನು ನಾವು ವಿಧಿಯ ವೈಪರೀತ್ಯಕ್ಕೆ ದೃಷ್ಟಾಂತವಾಗಿ ಹೇಳುತ್ತ ಬಂದಿದ್ದೇವೆ. ಕಡಲೆಯಿಲ್ಲದವನ ಸಂಕಟ ಸರಕಾರಕ್ಕೆ ತಿಳಿಯಿತು; ಪಡಿತರದ ಅಂಗಡಿಗಳು ತೆರೆದವು. ಹಲ್ಲಿಲ್ಲದವನನ್ನು ಮಾತ್ರ ವಿಧಿಗೇ ಒಪ್ಪಿಸಿ ಕೈತೊಳೆದುಕೊಂಡೆವು. ಇದು ವಿಧಿಯಲ್ಲ, ಉಪೇಕ್ಷೆ.

'ವಯಸ್ಸಾಯಿತು, ಹಲ್ಲು ಬಿದ್ದವು, ಅದಕ್ಕೇನು ಮಾಡಲಾದೀತು?' ಎಂದು ಮನೆಯವರು ಕೇಳುವುದುಂಟು. ವೈದ್ಯಶಾಸ್ತ್ರವು ಈ ಮಾತನ್ನು ಒಪ್ಪುವುದಿಲ್ಲ. ಹಲ್ಲನ್ನು ಬೀಳಿಸುವುದು ಬಹುಮಟ್ಟಿಗೆ ಮುಪ್ಪಲ್ಲ. ದಂತಕ್ಷಯ ಮತ್ತು ವಸಡಿನ ರೋಗ. ತಂಬಾಕು ಹಾಗೂ ಹತೋಟಿಯಿಲ್ಲದ ಮಧುಮೇಹಗಳು ವಸಡಿನ ರೋಗವನ್ನು ಉಲ್ಬಣಗೊಳಿಸುತ್ತವೆ. ವೃದ್ಧರು ನಿತ್ಯವೂ ಸೇವಿಸುವ ಕೆಲವು ಔಷಧಿಗಳಿಂದ ಬಾಯಿ ಒಣಗಿ ಹಲ್ಲು ಬೇಗ ಹುಳುಕಾಗುತ್ತದೆ. ತಡೆಯಬಹುದಾದ ವ್ಯಾಧಿಗೆ ವಯೋಧರ್ಮವೆಂದು ಹೆಸರಿಟ್ಟರೆ ನಮ್ಮ ಹೊಣೆ ತಪ್ಪುತ್ತದೆ. ವೃದ್ಧನ ನೋವು ತಪ್ಪುವುದಿಲ್ಲ.

ಹಲ್ಲು ಹೋದವನ ಊಟದ ಎಲೆಯನ್ನೊಮ್ಮೆ ನೋಡಬೇಕು. ಜೋಳದ ರೊಟ್ಟಿ, ಕಾಳು, ಹಸಿ ಸೊಪ್ಪು, ಹಣ್ಣು ಒಂದೊಂದಾಗಿ ದೂರವಾಗಿ, ಕೊನೆಗೆ ಗಂಜಿ ಮತ್ತು ಮೆತ್ತನೆಯ ಅನ್ನ ಮಾತ್ರ ಉಳಿಯುತ್ತವೆ. ದೇಹ ಕೃಶವಾಗುತ್ತದೆ, ಮಾತು ತೊದಲುತ್ತದೆ. ನಾಲ್ಕು ಜನರೊಡನೆ ಪಂಕ್ತಿಯಲ್ಲಿ ಕೂರಲು ಸಂಕೋಚ. ತಂಬಾಕು ಮತ್ತು ಅಡಿಕೆಯ ಅಭ್ಯಾಸವಿರುವವರ ಬಾಯಲ್ಲಿ ಏಳುವ ಹುಣ್ಣು ಅರ್ಬುದವೆಂಬುದು, ಬಾಯಿ ತೆರೆಸಿ ನೋಡುವ ವೈದ್ಯನಿಲ್ಲದೆ, ತಡವಾಗಿ ತಿಳಿಯುತ್ತದೆ. ಇಷ್ಟಾದರೂ ಹಲ್ಲನ್ನು ಅಲಂಕಾರವೆಂದು ಭಾವಿಸುವವರಿಗೆ ಏನೆನ್ನೋಣ!

ಕರ್ನಾಟಕ ಸರಕಾರವು 2014ರಲ್ಲಿ 'ದಂತಭಾಗ್ಯ' ಯೋಜನೆಯನ್ನು ಆರಂಭಿಸಿ, ಬಡ ವೃದ್ಧರಿಗೆ ಉಚಿತವಾಗಿ ಹಲ್ಲು ಕಟ್ಟಿಸಿಕೊಡಲು ಮುಂದಾದುದು ಶ್ಲಾಘ್ಯವೇ ಸರಿ. ಆದರೆ ಆ ಕಾರ್ಯವು ದಂತ ಮಹಾವಿದ್ಯಾಲಯಗಳನ್ನು ನೆಚ್ಚಿಕೊಂಡಿತು. ಅವುಗಳ ಬಹುಭಾಗವಿರುವುದು ದೊಡ್ಡ ನಗರಗಳಲ್ಲಿ. ಪೂರ್ಣ ದಂತಪಂಕ್ತಿಯು ಒಂದು ದಿನದ ಕೆಲಸವಲ್ಲ. ಅಚ್ಚು ತೆಗೆಯಬೇಕು, ದವಡೆಗಳ ಹೊಂದಾಣಿಕೆಯನ್ನು ಅಳೆಯಬೇಕು, ತೊಡಿಸಿ ನೋಡಬೇಕು, ಒತ್ತಿದ ಕಡೆ ಸವರಬೇಕು. ನಾಲ್ಕೈದು ಸಲವಾದರೂ ಬರಬೇಕು. ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಯ ಅಜ್ಜಿಯೊಬ್ಬಳು ಇದಕ್ಕಾಗಿ ಅಷ್ಟು ಸಲ ಮೈಸೂರಿಗೆ ಹೋಗಿಬರುವಳೆ? 2023ರಿಂದ ಬಸ್ಸಿನಲ್ಲಿ ಆಕೆಗೆ ಟಿಕೆಟಿನ ಹಣ ಬೇಡವೆಂಬುದು ನಿಜ. ಜೊತೆಗೆ ಹೋಗುವ ಮಗನ ಕೂಲಿಯನ್ನು ತುಂಬಿಕೊಡುವವರಾರು?

2024ರಲ್ಲಿ ಕೇಂದ್ರ ಸರಕಾರವು ಆಯುಷ್ಮಾನ್ ಭಾರತ ಯೋಜನೆಯನ್ನು 70 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಿತು. ಅದಾದರೋ ಆಸ್ಪತ್ರೆಗೆ ದಾಖಲಾದವರಿಗೆ ಸಲ್ಲುವ ನೆರವು. ಹಲ್ಲಿನ ಚಿಕಿತ್ಸೆ ಬಹುಪಾಲು ಹೊರರೋಗಿಯ ಚಿಕಿತ್ಸೆ. ಅದು ಆ ಬಾಗಿಲಿನ ಹೊರಗೇ ನಿಂತಿದೆ.

ವೈದ್ಯರ ಅಭಾವವೆಂದು ಯಾರೂ ನೆಪ ಹೇಳಲಾಗದು. ಭಾರತದಲ್ಲಿ 300ಕ್ಕೂ ಹೆಚ್ಚು ದಂತ ಮಹಾವಿದ್ಯಾಲಯಗಳಿವೆ. ಪದವೀಧರರು ವರ್ಷವರ್ಷವೂ ಸಾವಿರಾರು ಸಂಖ್ಯೆಯಲ್ಲಿ ಹೊರಬರುತ್ತಿದ್ದಾರೆ. ಅಭಾವವಿರುವುದು ಗ್ರಾಮಾಂತರದ ಸರಕಾರಿ ಹುದ್ದೆಗಳಲ್ಲಿ. ಹಲ್ಲು ಕೀಳಿಸಿಕೊಳ್ಳಲು ತಾಲ್ಲೂಕು ಆಸ್ಪತ್ರೆ, ಕಟ್ಟಿಸಿಕೊಳ್ಳಲು ದೂರದ ನಗರ ಎಂಬ ಸ್ಥಿತಿ ಕೊನೆಗಾಣಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ದಂತವೈದ್ಯನೊಡನೆ ಹಲ್ಲು ಕಟ್ಟುವ ಕುಶಲಕರ್ಮಿಯೂ ಇರಲಿ. ರಕ್ತದೊತ್ತಡ, ಸಕ್ಕರೆ ಪರೀಕ್ಷಿಸುವಾಗಲೇ ವೃದ್ಧರ ಬಾಯಿಯನ್ನೂ ಪರೀಕ್ಷಿಸಲಿ.

ದಂತ ಮಹಾವಿದ್ಯಾಲಯಗಳನ್ನು ನಡೆಸುವ ಧರ್ಮಸಂಸ್ಥೆಗಳೂ ಈ ಹೊಣೆಗೆ ಹೊರತಲ್ಲ. ಒಂದು ದಿನದ ಶಿಬಿರ ನಡೆಸಿ, ಭಾವಚಿತ್ರ ತೆಗೆಸಿಕೊಂಡು ಮರಳುವುದು ಸೇವೆಯೆನಿಸದು. ಕಟ್ಟಿದ ಹಲ್ಲು ಬಾಯಿಗೆ ಹೊಂದಿ, ಆ ಜೀವ ರೊಟ್ಟಿ ಮುರಿದು ಅಗಿಯುವವರೆಗೂ ಅದೇ ತಂಡ ಅದೇ ಊರಿಗೆ ಮತ್ತೆ ಮತ್ತೆ ಹೋಗಬೇಕು. ಅನ್ನ ನೀಡುವುದು ದಾಸೋಹವಾದರೆ, ಆ ಅನ್ನವನ್ನು ಅಗಿಯುವ ಶಕ್ತಿಯನ್ನು ಉಳಿಸಿಕೊಡುವುದೂ ದಾಸೋಹವೇ ಅಲ್ಲವೆ? ಸಹೃದಯ ವಾಚಕರು, ಆಡಳಿತ ನಡೆಸುವವರು ವಿಚಾರ ಮಾಡಲಿ.