ಮಾನಹಾನಿಯೂ ಹಕ್ಕುಚ್ಯುತಿಯೂ

ನಮ್ಮ ಅಟ್ಟೂರಿಗೆ ಕೂಗಳತೆಯಲ್ಲಿರುವ ಯಲಹಂಕದ ಹೆಸರನ್ನು ಹೊತ್ತ ‘ಯಲಹಂಕ ವಾಯ್ಸ್’ ಪತ್ರಿಕೆಯ ಸಂಪಾದಕರಿಗೂ ‘ಹಾಯ್ ಬೆಂಗಳೂರು’ ಪತ್ರಿಕೆಯ ರವಿ ಬೆಳಗೆರೆಯವರಿಗೂ 2017ರ ಜೂನ್ ತಿಂಗಳಲ್ಲಿ ಕರ್ನಾಟಕದ ವಿಧಾನಸಭೆಯು ಒಂದೊಂದು ವರ್ಷದ ಸೆರೆವಾಸವನ್ನೂ 10,000 ರೂಪಾಯಿ ದಂಡವನ್ನೂ ವಿಧಿಸಿ ನಿರ್ಣಯ ಕೈಗೊಂಡಿತು. ಶಾಸಕರ ಮಾನಕ್ಕೆ ಕುಂದು ಬರುವಂತೆ ಬರೆದರೆಂಬುದು ದೂರು. ಬರೆದದ್ದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಅದನ್ನು ತೂಗಿ ನೋಡಬೇಕಾದವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ಮಾನಹಾನಿಗೆ ನಮ್ಮಲ್ಲಿ ಕಾನೂನಿಲ್ಲದೆ ಇಲ್ಲ. 1860ರ ದಂಡಸಂಹಿತೆಯ 499ನೆಯ ಕಲಮು ಹತ್ತು ವಿನಾಯಿತಿಗಳೊಡನೆ ಅದನ್ನು ವಿವರಿಸಿತ್ತು. 2024ರ ಜುಲೈಯಿಂದ ಆ ವಿಷಯ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿದೆ. ಇಲ್ಲಿ ಸತ್ಯ ನುಡಿದೆನೆಂದಷ್ಟಕ್ಕೇ ಆರೋಪಿ ಪಾರಾಗಲಾರ. ಆ ಸತ್ಯ ಲೋಕಹಿತಕ್ಕಾಗಿ ಹೊರಬಂದಿತೆಂದೂ ತೋರಿಸಬೇಕು. ಪರಿಹಾರಧನ ಬೇಡುವ ಸಿವಿಲ್ ದಾವೆಯಲ್ಲಾದರೆ ಸತ್ಯವೊಂದೇ ಸಾಕು. ಅಧಿಕಾರಸ್ಥರ ಸಾರ್ವಜನಿಕ ನಡತೆಯನ್ನು ಕುರಿತು ಸದ್ಭಾವದಿಂದ ಅಭಿಪ್ರಾಯ ಹೇಳಿದವನಿಗೂ ರಕ್ಷಣೆಯುಂಟು.

ಸಾಹಿತ್ಯದ ವಿದ್ಯಾರ್ಥಿಗಳು ಓದಲೇಬೇಕಾದುದು ಆರನೆಯ ವಿನಾಯಿತಿ. ಈ ಪುಸ್ತಕ ಅಸಭ್ಯವಾಗಿದೆ, ಆದುದರಿಂದ ಬರೆದವನ ಮನಸ್ಸು ಶುದ್ಧವಿರಲಾರದು ಎಂದು ಸದ್ಭಾವದಿಂದ ಬರೆದ ವಿಮರ್ಶಕನು ಕ್ಷೇಮ. ಬರೆದವನೇ ಲಂಪಟ, ಪುಸ್ತಕ ಹೀಗಿರುವುದರಲ್ಲಿ ಆಶ್ಚರ್ಯವೇನು ಎಂದನೋ, ಸಿಕ್ಕಿಬಿದ್ದ! ಕೃತಿಯಿಂದ ಕರ್ತೃವಿನತ್ತ ಹೋಗಬಹುದು, ಅದೂ ಕೃತಿ ತೋರಿಸಿದಷ್ಟು ದೂರ ಮಾತ್ರ. ನಮ್ಮ ಎಷ್ಟೋ ವಿಮರ್ಶಾಲೇಖನಗಳಿಗೆ ಇಲ್ಲದ ಸೂಕ್ಷ್ಮತೆ ಈ ಕಲಮಿಗಿದೆಯೆಂದರೆ ಮಿತ್ರರು ಮುನಿಯಬಾರದು.

ಹಕ್ಕುಚ್ಯುತಿಯ ಹೆಸರಿನಲ್ಲಿ ಸದನವೇ ವಿಚಾರಣೆಗೆ ಕುಳಿತಾಗ ಈ ಹತ್ತರಲ್ಲಿ ಒಂದನ್ನೂ ಸಂಪಾದಕನು ಹಕ್ಕಿನಿಂದ ಕೇಳುವಂತಿಲ್ಲ. ದೂರಿತ್ತವರಲ್ಲಿ ಒಬ್ಬರಾದ ಕೆ.ಬಿ. ಕೋಳಿವಾಡರೇ 2017ರಲ್ಲಿ ಸಭಾಧ್ಯಕ್ಷಪೀಠದಲ್ಲಿದ್ದರು. ಸದನದೊಳಗೆ ಆಡಿದ ಮಾತಿಗಾಗಿ ಶಾಸಕರನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲವೆಂದು ಸಂವಿಧಾನದ 194ನೆಯ ವಿಧಿ ಹೇಳುತ್ತದೆ. ನಿರ್ಭಯವಾದ ಚರ್ಚೆಗೆ ಅದು ಬೇಕೇ ಬೇಕು. ಆದರೆ ಆಡುವವನನ್ನು ಕಾಯಲೆಂದು ಕೊಟ್ಟ ಗುರಾಣಿಯನ್ನು ಬರೆಯುವವನ ಮೇಲೆ ಕತ್ತಿಯಾಗಿ ಬೀಸುವುದು ನನಗೆ ಒಪ್ಪಿಗೆಯಿಲ್ಲ.

ನ್ಯಾಯಾಲಯದ ದಾರಿಯೇನೂ ಸುಗಮವಲ್ಲ. 2008ರ ಲೇಖನವೊಂದಕ್ಕಾಗಿ ಗೌರಿ ಲಂಕೇಶರಿಗೆ ಹುಬ್ಬಳ್ಳಿಯ ನ್ಯಾಯಾಲಯವು 2016ರ ನವೆಂಬರಿನಲ್ಲಿ ಆರು ತಿಂಗಳ ಸಜೆ ವಿಧಿಸಿತು. ಎಂಟು ವರ್ಷಗಳ ಅಲೆದಾಟವೇ ಒಂದು ಶಿಕ್ಷೆಯಲ್ಲವೆ? ಆದರೂ ಅಲ್ಲಿ ಸಾಕ್ಷ್ಯ ಕೇಳಿದವರು ದೂರುದಾರರಲ್ಲ, ಮೂರನೆಯವರು. ಜಾಮೀನು ದೊರೆಯಿತು, ಮೇಲ್ಮನವಿಗೆ ಅವಕಾಶವಿತ್ತು. ನಮ್ಮ ಶಾಸಕರು ತಟ್ಟಬೇಕಾಗಿದ್ದುದು ಆ ಬಾಗಿಲನ್ನು.