‘ಬಂದರೆ’ಗೆ ನಂಬರ್ ಯಾಕೆ?

ಝೀರೋ, ಫಸ್ಟ್, ಸೆಕೆಂಡ್, ಥರ್ಡ್: ಇಂಗ್ಲಿಷ್‌ನ ‘ಇಫ್’ ವಾಕ್ಯಗಳಿಗೆ ವ್ಯಾಕರಣದ ಪುಸ್ತಕಗಳು ಕೊಟ್ಟಿರೋ ನಂಬರ್‌ಗಳು ಇವು. ಸ್ಕೂಲಲ್ಲಿ ಉರು ಹೊಡೆದ್ವಿ, ಪ್ಲೇಸ್‌ಮೆಂಟ್ ಟ್ರೈನಿಂಗಲ್ಲಿ ಮತ್ತೆ ಉರು ಹೊಡೀತೀವಿ. ಆದರೂ ‘ವಾಟ್ ವುಡ್ ಯೂ ಡೂ ಇಫ್...’ ಅಂತ ಇಂಟರ್‌ವ್ಯೂನಲ್ಲಿ ಕೇಳಿದರೆ, ‘ವಿಲ್’ ಅನ್ನೋದಾ ‘ವುಡ್’ ಅನ್ನೋದಾ ಅಂತ ಎಷ್ಟೋ ಜನರ ನಾಲಿಗೆ ತಡವರಿಸುತ್ತೆ.

ಕಾರಣ ನಮ್ಮ ದಡ್ಡತನ ಅಲ್ಲ. ಜೋಗುಪಾಳ್ಯದ ಟೀ ಅಂಗಡಿ ಮುಂದೆ ನಿಂತು ಕೇಳಿ. ಒಬ್ಬರು ‘ಮಳೆ ಬಂದರೆ’ ಅಂತಾರೆ, ಪಕ್ಕದವರು ತಮಿಳಲ್ಲಿ ‘ಮಳೈ ವಂದಾ’, ಇನ್ನೊಬ್ಬರು ಉರ್ದುವಿನಲ್ಲಿ ‘ಬಾರಿಶ್ ಆಯೀ ತೋ’. ಮಳೆ ಇನ್ನೂ ಬಂದೇ ಇಲ್ಲ, ಆದರೆ ಮೂರರಲ್ಲೂ ಕ್ರಿಯಾಪದದ ರೂಪ ಭೂತಕಾಲದ್ದು! ನಮಗೆ ಅದರ ಅರ್ಥ ‘ಮೊದಲು ಇದಾಗಲಿ, ಆಮೇಲೆ ಅದು’. ಇಂಗ್ಲಿಷ್ ಇಲ್ಲಿ ‘ಇಫ್ ಇಟ್ ರೇನ್ಸ್’ ಅಂತ ವರ್ತಮಾನಕಾಲ ಬಳಸುತ್ತೆ. ‘ಇಫ್ ಇಟ್ ರೇನ್ಡ್ ಟುಮಾರೋ’ ಅಂದರೆ ಆ ಭೂತಕಾಲಕ್ಕೂ ನಿನ್ನೆಗೂ ಸಂಬಂಧವಿಲ್ಲ. ‘ಆಗೋದು ಡೌಟು, ಸುಮ್ಮನೆ ಊಹಿಸಿಕೋ’ ಅಂತ ಅರ್ಥ.

ಊಹೆ ನಮ್ಮಲ್ಲೂ ಇದೆ. ‘ದುಡ್ಡಿದ್ರೆ ಬೈಕ್ ತಗೋತೀನಿ’ ಅನ್ನೋದಕ್ಕೂ ‘ದುಡ್ಡಿದ್ದಿದ್ರೆ ಬೈಕ್ ತಗೋತಿದ್ದೆ’ ಅನ್ನೋದಕ್ಕೂ ವ್ಯತ್ಯಾಸ ಯಾರೂ ಕಲಿಸದೆ ಗೊತ್ತು. ಆದರೆ ಎರಡನೆಯದು ಇವತ್ತಿನ ಮಾತೋ ಹೋದ ವರ್ಷದ್ದೋ ಅನ್ನೋದು ಸಂದರ್ಭದಿಂದ ತಿಳಿಯುತ್ತೆ. ಇಂಗ್ಲಿಷ್ ಅದನ್ನು ‘ವುಡ್ ಬೈ’, ‘ವುಡ್ ಹ್ಯಾವ್ ಬಾಟ್’ ಅಂತ ಎರಡಾಗಿ ಒಡೆಯುತ್ತೆ. ತೊಡಕಿರೋದು ಇಲ್ಲಿ. ಬೋರ್ಡ್ ಮೇಲೆ ಐದು ನಿಮಿಷದಲ್ಲಿ ಹೇಳಬಹುದಾದ ವಿಷಯ.

ನಂಬರ್‌ಗಳೂ ಪೂರ್ತಿ ಸಾಲಲ್ಲ. ‘ಆಗ ಓದಿದ್ದಿದ್ರೆ ಈಗ ಕೆಲಸದಲ್ಲಿ ಇರ್ತಿದ್ದೆ’ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹೇಳಿದರೆ ಮೊದಲರ್ಧ ಥರ್ಡ್, ಉಳಿದರ್ಧ ಸೆಕೆಂಡ್. ಅದಕ್ಕೆ ‘ಮಿಕ್ಸ್‌ಡ್’ ಅಂತ ಇನ್ನೊಂದು ಡಬ್ಬಿ!

ಸಂಸ್ಕೃತದ ಅಚ್ಚಿಗೆ ಕನ್ನಡ ವ್ಯಾಕರಣವನ್ನು ಒತ್ತಬಾರದು ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ನಮ್ಮದು ಅದರ ಮುಂದಿನ ಬೇಡಿಕೆ: ಇಂಗ್ಲಿಷ್ ಕಲಿಸುವಾಗಲೂ ನಮ್ಮ ನುಡಿಯಿಂದ ಶುರು ಮಾಡಿ. ಮೊದಲು ವಾಕ್ಯವನ್ನ ಕನ್ನಡ, ತಮಿಳು, ಉರ್ದು ಯಾವುದರಲ್ಲಾದರೂ ಹೇಳಿಸಿ. ಆಮೇಲೆ ಎರಡೇ ಪ್ರಶ್ನೆ: ಇದು ಆಗಬಹುದಾದದ್ದಾ, ಬರೀ ಊಹೆಯಾ? ಈಗಿನದ್ದಾ, ಮುಗಿದು ಹೋದದ್ದಾ? ಎರಡು ಬೂಲಿಯನ್ ಅಷ್ಟೇ. ಇಂಜಿನಿಯರಿಂಗ್ ಓದೋರಿಗೆ ಟೇಬಲ್ ಉರು ಹೊಡೆಯೋದಕ್ಕಿಂತ ಇದು ಸುಲಭ.